ಗಾಜಿನಲ್ಲಿ ಬೆಳೆದ ಅಜ್ಜಿಮೊಣಕಾಲು

ನಸಾರಿಯಾ ಸತ್ತ ದಿನ ಊರಿನವರೆಲ್ಲ ಬಂದು ಅತ್ತರು. ಅಳಲಿ, ಬೇಡ ಅಂದವರು ಯಾರು? ಕಣ್ಣಿದ್ದವರೆಲ್ಲ ಅಳಬಹುದು. ಆದರೆ ಅಂಗಳದಲ್ಲಿ ಕೂತು ಕೋಕಾ ಎಲೆ ಜಗಿಯುತ್ತ ಅವಳ ಬಗ್ಗೆ ಆಡಿಕೊಂಡರಲ್ಲ, ಆ ಮಾತಿನಲ್ಲಿ ಅರ್ಧ ಸುಳ್ಳು, ಇನ್ನರ್ಧ ಗೊತ್ತಿಲ್ಲದೆ ಆಡಿದ್ದು. "ಪಾಪ, ಆ ಗಾಜಿನ ಆಲೂಗಡ್ಡೆ ಹುಚ್ಚು ಹಿಡಿದು ಹಾಳಾದಳು" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಹೆಣ ಮುಂದಿತ್ತು ಅಂತ ಸುಮ್ಮನಿದ್ದೆ. ಈಗ ಸುಮ್ಮನಿರುವುದಿಲ್ಲ.

ನಾನು ಬಸಿಲಿಯಾ. ನಮ್ಮ ಬೆಟ್ಟದೂರು ಪುಕಾರುಮಿಯಲ್ಲಿ ಅವಳ ಮನೆಗೂ ನನ್ನ ಮನೆಗೂ ನಡುವೆ ಇರುವುದು ಒಂದು ಕಲ್ಲುಗೋಡೆ. ನನ್ನ ಮಗಳು ವಿಲ್ಮಾಗೆ ಪಾದ್ರಿಗಳು ತಲೆಗೆ ನೀರು ಹಾಕಿ ಹೆಸರಿಟ್ಟಾಗ ಮಗುವನ್ನು ಎತ್ತಿಕೊಂಡು ನಿಂತವಳು ನಸಾರಿಯಾ. ಅಂದಿನಿಂದ ಅವಳು ಮಗುವಿನ ಧರ್ಮತಾಯಿ, ನನಗೆ ಕೊಮಾದ್ರೆ. ಒಡಹುಟ್ಟಿದವರ ಜೊತೆ ಬೇಕಾದರೆ ಜಗಳವಾಡಬಹುದು, ಕೊಮಾದ್ರೆಯ ಜೊತೆ ಆಡುವ ಹಾಗಿಲ್ಲ. ನಾವಿಬ್ಬರೂ ಆಡುತ್ತಿದ್ದೆವು, ಅದು ಬೇರೆ ಮಾತು.

ಮದುವೆಯಾಗಿ ಬರುವ ಹೆಣ್ಣು ತವರಿನ ಬೀಜದ ಆಲೂಗಡ್ಡೆಯನ್ನು ಬೆನ್ನಿಗೆ ಕಟ್ಟಿದ ಹೊದಿಕೆಯಲ್ಲಿ ಹೊತ್ತು ತರುತ್ತಾಳೆ. ನಾನು ಏಳೆಂಟು ಜಾತಿ ತಂದಿದ್ದೆ. ನಸಾರಿಯಾ ತಂದದ್ದು ಒಂದೇ ಜಾತಿ. ಕಪ್ಪು ಸಿಪ್ಪೆ, ಮೈತುಂಬ ಗಂಟು, ಒಂದೊಂದು ಗಂಟಿನ ಸಂದಿಯಲ್ಲಿ ಒಂದೊಂದು ಆಳದ ಕಣ್ಣು. ಅದಕ್ಕೆ ಅವಳ ತವರಿನ ಕಡೆ ಅಜ್ಜಿಮೊಣಕಾಲು ಅಂತ ಹೆಸರು. ಅವಳ ಅತ್ತೆ ಹೊದಿಕೆ ಬಿಚ್ಚಿ ನೋಡಿ, "ಅಯ್ಯೋ, ಇದನ್ನ ಸುಲಿಯೋದಾ, ಇಲ್ಲಾ ಕೈಮುಗಿದು ಮೂಲೇಲಿ ಇಡೋದಾ?" ಅಂದಿದ್ದಳು. ನಸಾರಿಯಾ ಆಗ ಹೊಸ ಸೊಸೆ. ತಲೆ ತಗ್ಗಿಸಿಕೊಂಡೇ, "ಸುಲಿಯೋಕೆ ಬರದವರು ಸಿಪ್ಪೆ ಸಮೇತ ತಿನ್ನಬಹುದು ಅತ್ತೆ" ಅಂದಳಂತೆ. ಅಂಥ ಮೊಂಡಿ. ಆ ಗಡ್ಡೆಯನ್ನು ಹೊಲದಲ್ಲೇ ಹೆಂಟೆಯ ಒಲೆ ಕಟ್ಟಿ ಸುಟ್ಟರೆ ಸಿಪ್ಪೆ ಬಿರಿದು ಒಳಗೆ ಹಿಟ್ಟು ಹಿಟ್ಟಾಗಿ ಒಂದು ನೇರಳೆ ಉಂಗುರ ಕಾಣುತ್ತಿತ್ತು. ಆ ರುಚಿ ಮತ್ತೆ ಸಿಗಲಿಲ್ಲ.

ಅವಳಿಗೆ ಹುಟ್ಟಿದ್ದು ಒಂದೇ ಮಗು. ಮಳೆ ಹಿಡಿದ ವಾರ, ನಾನು ತವರಿಗೆ ಹೋಗಿದ್ದೆ, ಮನೆಯಲ್ಲಿ ಗಂಡ ಮೆಲಿತೋನ್ ಒಬ್ಬನೇ. ಮಗು ಉಳಿಯಲಿಲ್ಲ. "ಹೆಣ್ಣುಮಗು. ಒಂದು ಸಲ ಅತ್ತಳು. ನಾನೇ ತಲೆಗೆ ನೀರು ಹಾಕಿದೆ. ಹೊಳೆ ತುಂಬಿತ್ತು, ಸ್ಮಶಾನಕ್ಕೆ ದಾಟೋಕೆ ಆಗಲಿಲ್ಲ, ಶಿಲುಬೆ ದಿಬ್ಬದ ಮೇಲೆ ಮಣ್ಣು ಮಾಡಿದೆ" ಅಂತ ಮೆಲಿತೋನ್ ಊರಿಗೆಲ್ಲ ಹೇಳಿದ. ನೀರು ಹಾಕಿದ ಮಾತನ್ನು ಅವನು ಮತ್ತೆ ಮತ್ತೆ ಹೇಳಿದ್ದಕ್ಕೆ ಕಾರಣವಿದೆ. ನೀರು ಬೀಳದೆ ಮಣ್ಣಿಗೆ ಹೋದ ಮಗುವಿಗೆ ಮೇಲೂ ಜಾಗವಿಲ್ಲ, ಕೆಳಗೂ ಜಾಗವಿಲ್ಲ. ಅದು ಸಿಟ್ಟಿನಿಂದ ಹೊಲಗಳ ಮೇಲೆ ಆಲಿಕಲ್ಲು ಸುರಿಯುತ್ತದೆ ಅಂತ ನಮ್ಮವರ ನಂಬಿಕೆ. ನಂಬಿಕೆ ಏನು ಬಂತು, ಆಲಿಕಲ್ಲು ಬಿದ್ದ ಮರುದಿನ ಊರ ಗಂಡಸರು ಮನೆಮನೆಗೆ ಬಂದು, ಯಾರಾದರೂ ಗುಟ್ಟಾಗಿ ಹೆತ್ತು ಹೂತಿದ್ದಾರೋ ಅಂತ ಹೆಂಗಸರ ಹೊಟ್ಟೆ ನೋಡುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ಮೆಲಿತೋನ್ ಆಮೇಲೆ ಲಾರಿ ಉರುಳಿ ಸತ್ತ. ನಸಾರಿಯಾ ಒಂಟಿಯಾದಳು. ಒಂದು ದಿನ ಇಬ್ಬರೂ ಬೀಜ ಆರಿಸುತ್ತ ಕೂತಿದ್ದಾಗ ಹೇಳಿದಳು:

"ನನ್ನ ಹೊಟ್ಟೆ ನನ್ನ ಕೈಬಿಡ್ತು ಕೊಮಾದ್ರೆ. ಈ ಗಡ್ಡೆನಾದ್ರೂ ನನ್ನ ಹಿಂದೆ ಉಳೀಬೇಕು. ವಿಲ್ಮಾ ಮದುವೆ ದಿನ ಅವಳ ಹೊದಿಕೇಲಿ ಇದನ್ನ ನಾನೇ ಕಟ್ಟಿಕೊಡ್ತೀನಿ."

"ಅವಳಿಗಿನ್ನೂ ಹಾಲುಹಲ್ಲೇ ಬಿದ್ದಿಲ್ಲ, ಮದುವೆಯಂತೆ" ಅಂದೆ ನಾನು.

"ಹಲ್ಲು ಬೀಳುತ್ತೆ, ಮದುವೇನೂ ಆಗುತ್ತೆ. ನೀನು ಮಾತ್ರ ನಿನ್ನ ಸಪ್ಪೆ ಬಿಳಿಗಡ್ಡೆ ಕಟ್ಟಿ ಮಗು ಮಾನ ಕಳೀಬೇಡ."

ವಿಲ್ಮಾ ಶಾಲೆಗೆ ಹೋಗುವ ಹೊತ್ತಿಗೆ ಅಜ್ಜಿಮೊಣಕಾಲು ದಣಿಯತೊಡಗಿತು. ಬೀಜ ದಣಿಯುವುದು ನಮಗೆ ಹೊಸದಲ್ಲ. ಎಲೆಯ ಮೇಲೆ ಹಳದಿ ಮಚ್ಚೆ ಮೂಡುತ್ತದೆ, ಅಂಚು ಸುರುಟಿಕೊಳ್ಳುತ್ತದೆ, ಗಿಡ ಗೇಣುದ್ದ ಬರುವಷ್ಟರಲ್ಲಿ ಮುದಿಯಾಗುತ್ತದೆ. ಅಂಥ ಬೀಜವನ್ನು ಮೇಲಿನ ಚಳಿಯ ಹೊಲಗಳಿಗೆ ಒಯ್ದು ಒಂದೆರಡು ವರ್ಷ ಬೆಳೆದರೆ ಚೇತರಿಸಿಕೊಳ್ಳುತ್ತದೆ. ನಸಾರಿಯಾ ಹೊತ್ತುಕೊಂಡು ಹೋದಳು. ಲಾಮಾಗಳು ಮೇಯುವಷ್ಟು ಎತ್ತರಕ್ಕೆ ಹೋಗಿ, ಕಾಲುನೇಗಿಲಿನಿಂದ ಒಬ್ಬಳೇ ಅಗೆದು, ಭೂಮಿತಾಯಿಗೆ ಮೆಕ್ಕೆಜೋಳದ ಹೆಂಡ, ಚಿಚಾ, ಎರೆದು ಬಿತ್ತಿದಳು. ಆದರೆ ಈಗ ಮೇಲೂ ಮೊದಲಿನ ಚಳಿ ಇಲ್ಲ. ಗಿಡದ ಹೇನುಗಳು ಅಲ್ಲಿಗೂ ಹತ್ತಿವೆ. ಪ್ರತಿ ಕೊಯ್ಲಿಗೂ ಗಡ್ಡೆ ಸಣ್ಣದಾಗುತ್ತ ಬಂದು, ಕೊನೆಗೆ ಉಳಿದದ್ದು ಮಡಿಲಲ್ಲಿ ಹಿಡಿಯುವಷ್ಟು, ಪಾರಿವಾಳದ ಮೊಟ್ಟೆಯಂಥ ಗಡ್ಡೆಗಳು.

ಆಗ ಬಂದವಳು ಇಂಜಿನಿಯರಮ್ಮ ಮಾರಿಸೋಲ್; ಬೆಳೆಯ ವಿದ್ಯೆ ಓದಿದವರಿಗೂ ನಮ್ಮಲ್ಲಿ ಇಂಜಿನಿಯರ್ ಅಂತಲೇ ಹೆಸರು. ಕಣಿವೆಯ ಕೆಳಗಿನ ಪ್ರಯೋಗಶಾಲೆಯವಳು, ಊರೂರು ತಿರುಗಿ ಹಳೆಯ ಜಾತಿಗಳನ್ನು ಕೇಳಿಕೊಂಡು ಬರುತ್ತಿದ್ದಳು. ಪ್ಯಾಂಟು ಹಾಕಿದವಳು ನಮ್ಮ ಮಾತನ್ನು ನಮಗಿಂತ ಚೆನ್ನಾಗಿ ಆಡುತ್ತಿದ್ದಳು. ನಸಾರಿಯಾಳ ಎಲೆ ನೋಡಿ ತಲೆಯಾಡಿಸಿದಳು.

"ಅಮ್ಮಾ, ಇದು ದಣಿವಲ್ಲ, ಕಾಯಿಲೆ. ಗಡ್ಡೆ ಒಳಗೇ ಕೂತಿದೆ. ಇದೇ ಗಡ್ಡೆ ಬಿತ್ತಿದ್ರೆ ಕಾಯಿಲೇನೂ ಬಿತ್ತಿದ ಹಾಗೆ."

"ಹಾಗಾದ್ರೆ ಔಷಧಿ ಕೊಡು."

"ಔಷಧಿ ಇಲ್ಲ. ಆದ್ರೆ ಮೊಳಕೇಲಿ, ತೀರಾ ತುದೀಲಿ, ಕಾಯಿಲೆ ಇನ್ನೂ ಮುಟ್ಟಿರಲ್ಲ. ಅದನ್ನ ಕತ್ತರಿಸಿ ಗಾಜಿನ ಕೊಳವೇಲಿ ಬೆಳೆಸ್ತೀವಿ."

"ಎಷ್ಟು ಕತ್ತರಿಸ್ತೀಯ?"

"ಹೇನಿನ ಮೊಟ್ಟೆಯಷ್ಟು."

ನನಗೆ ನಗು ತಡೆಯಲಾಗಲಿಲ್ಲ. "ಕೊಮಾದ್ರೆ, ನಿನ್ನ ತಲೇಲಿ ಹುಡುಕಿಸು. ಊರಿಗೆಲ್ಲ ಆಗೋವಷ್ಟು ಬೀಜ ಸಿಗುತ್ತೆ" ಅಂದೆ.

ನಸಾರಿಯಾ ನಗಲಿಲ್ಲ. "ಮಣ್ಣಿಲ್ಲದೆ ಹೇಗೆ ಬೆಳೆಸ್ತೀಯಮ್ಮಾ?"

"ಸಕ್ಕರೆ, ಉಪ್ಪು ಎಲ್ಲ ಬೆರೆಸಿದ ಲೋಳೆ ಇರುತ್ತೆ, ಅದರಲ್ಲಿ."

"ಬಿಸಿಲು?"

"ದೀಪ ಹಾಕ್ತೀವಿ."

"ಗಾಳಿ?"

"ಗಾಳಿ ಬಿಡಲ್ಲ. ಮುಚ್ಚಳ ಹಾಕಿರ್ತೀವಿ, ಇಲ್ಲಾಂದ್ರೆ ಬೂಷ್ಟು ಹಿಡಿಯುತ್ತೆ."

"ಪಾಪ" ಅಂದಳು ನಸಾರಿಯಾ. ಆಮೇಲೆ ಎದ್ದು ಒಳಗೆ ಹೋಗಿ, ಇದ್ದ ಗಡ್ಡೆಗಳನ್ನೆಲ್ಲ ತಂದು ಇಂಜಿನಿಯರಮ್ಮನ ಚೀಲಕ್ಕೆ ಸುರಿದಳು. ನಾಲ್ಕಾದರೂ ಇಟ್ಟುಕೋ ಅಂತ ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಕೊಡುವುದಾದರೆ ಪೂರ್ತಿ ಕೊಡುವವಳು ಅವಳು.

ವರ್ಷ ಕಳೆದು ಇನ್ನೊಂದು ವರ್ಷ ನಡೆಯುತ್ತಿತ್ತು. ಇಂಜಿನಿಯರಮ್ಮನ ಸುಳಿವಿಲ್ಲ. "ನಿನ್ನ ಅಜ್ಜೀನ ಸಾರು ಮಾಡಿಕೊಂಡು ಕುಡಿದಳು ಬಿಡು" ಅಂತ ನಾನು ಛೇಡಿಸುತ್ತಿದ್ದೆ. ಒಂದು ಮಧ್ಯಾಹ್ನ ಅವಳು ಬಿಳಿ ಪೆಟ್ಟಿಗೆಯೊಂದನ್ನು ಮಗುವಿನ ಹಾಗೆ ಎತ್ತಿಕೊಂಡು ಹತ್ತಿ ಬಂದಳು. ಊರ ಹೆಂಗಸರೆಲ್ಲ ಸುತ್ತ ಸೇರಿದೆವು. ಮುಚ್ಚಳ ತೆಗೆದರೆ ಒಳಗೆ ಸಾಲಾಗಿ ಬೆರಳುದ್ದದ ಗಾಜಿನ ಕೊಳವೆಗಳು, ಒಂದೊಂದರಲ್ಲಿ ನೂಲಿನಂಥ ಕಾಂಡ, ಅದಕ್ಕೆ ಉಗುರಿಗಿಂತ ಸಣ್ಣ ಎಲೆ. ಆಲೂಗಡ್ಡೆಯ ಎಲೆ ಹೇಗಿರುತ್ತದೆ? ಒಂದೇ ಕಡ್ಡಿಗೆ ಎದುರುಬದುರು ಕಿರಿಯೆಲೆಗಳು, ಮೈಮೇಲೆ ಸಣ್ಣ ರೋಮ. ಇದರಲ್ಲಿ ಅದೊಂದೂ ಇರಲಿಲ್ಲ. ನುಣ್ಣಗೆ, ಗುಂಡಗೆ, ಒಂಟಿ ಎಲೆ.

"ಇದಾ ಆಲೂಗಡ್ಡೆ? ನನ್ನ ಗಿನಿಹಂದಿ ಕೂಡ ಮೂಸಲ್ಲ" ಅಂದಳು ಒಬ್ಬಳು.

"ಇವಿನ್ನೂ ಹೊರಗಿನ ಲೋಕ ನೋಡಿಲ್ಲ" ಅಂದಳು ಮಾರಿಸೋಲ್. "ಎಲೆಗೆ ಬಿಸಿಲು ಗೊತ್ತಿಲ್ಲ, ನೀರು ಹಿಡಿದಿಟ್ಟುಕೊಳ್ಳೋಕೆ ಬರಲ್ಲ. ಬೇರಿಗೆ ಮಣ್ಣು ಗೊತ್ತಿಲ್ಲ. ಒಂದೇ ಸಲ ಹೊರಗಿಟ್ರೆ ಸತ್ತೇ ಹೋಗ್ತವೆ. ಸ್ವಲ್ಪ ಸ್ವಲ್ಪವೇ ಅಭ್ಯಾಸ ಮಾಡಿಸಬೇಕು."

ನಸಾರಿಯಾಳ ಹಿತ್ತಲಲ್ಲಿ ಹಿಂದೆ ಕುರಿ ಕೂಡುತ್ತಿದ್ದ ದೊಡ್ಡಿಯಿತ್ತು, ಸುತ್ತ ಎದೆಯೆತ್ತರದ ಕಲ್ಲುಗೋಡೆ. ಅದರೊಳಗೆ ಮರಳು ಹಾಸಿ, ಮೇಲೆ ಸಣ್ಣ ಕಣ್ಣಿನ ಬಲೆ ಕಟ್ಟಿದರು. ನಸಾರಿಯಾ ಒಂದೊಂದೇ ಸಸಿಯ ಬೇರಿನ ಲೋಳೆ ತೊಳೆದು ನೆಟ್ಟು, ಮೇಲೆ ಪ್ಲಾಸ್ಟಿಕ್ ಲೋಟ ಕವುಚಿದಳು. ಬೆಳಿಗ್ಗೆ ಲೋಟವನ್ನು ಒಂದಿಷ್ಟು ಎತ್ತುವುದು, ಬಿಸಿಲೇರಿದರೆ ಮುಚ್ಚುವುದು, ಮೋಡವಾದರೆ ಮತ್ತೆ ಎತ್ತುವುದು. ಅಡುಗೆ ಬಿಟ್ಟಳು, ಹೊಲ ಬಿಟ್ಟಳು. ಆದರೂ ಅರ್ಧಕ್ಕರ್ಧ ಸಸಿಗಳು ಬಿಸಿನೀರು ಹೊಯ್ದ ಹಾಗೆ ಬಾಡಿ ಬಿದ್ದವು. ಒಂದೊಂದು ಸತ್ತಾಗಲೂ ಅದನ್ನು ಎಸೆಯದೆ ಗೋಡೆಯ ಬುಡದಲ್ಲಿ, ಒಂದೇ ಜಾಗದಲ್ಲಿ, ಹೂಳುತ್ತಿದ್ದಳು. ಎಂಥ ವಿಚಿತ್ರ ಹೆಂಗಸು ಅಂದುಕೊಂಡೆ.

ಬದುಕಿದವು ತೆಳ್ಳಗೆ, ಉದ್ದುದ್ದಕ್ಕೆ, ಮಕ್ಕಳ ಹಾಗೆ ಬೆಳೆದವು. ಬೆಳೆಯುತ್ತಲೇ ಇದ್ದವು, ಗಡ್ಡೆ ಕಟ್ಟುವ ಯೋಚನೆಯೇ ಅವಕ್ಕಿರಲಿಲ್ಲ. ನಮ್ಮ ಹೊಲದ ಗಿಡಗಳೆಲ್ಲ ಒಣಗಿ ಕೊಯ್ಲು ಮುಗಿದ ಮೇಲೂ ಅವು ಹಸಿರಾಗಿಯೇ ಇದ್ದವು. ಕೊನೆಗೆ ಅಗೆದರೆ ಸಿಕ್ಕಿದ್ದು ಗೋಲಿಯಷ್ಟು ಗೋಲಿಯಷ್ಟು ಗಡ್ಡೆ. ನಸಾರಿಯಾಳ ಮುಖ ಸಪ್ಪಗಾಯಿತು. ಇಂಜಿನಿಯರಮ್ಮ ಮಾತ್ರ ಕುಣಿದಾಡಿದಳು. "ಮೊದಲನೇ ವರ್ಷ ಹೀಗೇ ಅಮ್ಮಾ! ಇವನ್ನ ಬಿತ್ತಿ ನೋಡಿ ಮುಂದಿನ ವರ್ಷ."

ಮುಂದಿನ ವರ್ಷ ನಾವೆಲ್ಲ ನೋಡಿದೆವು. ಒಂದೊಂದು ಗೋಲಿಯಿಂದ ದಪ್ಪ ಕಾಂಡಗಳು, ಕಡುಹಸಿರು ಎಲೆ, ಸೊಂಟದೆತ್ತರ. ಈಗ ಎಲೆಗೆ ಕಿರಿಯೆಲೆಗಳೂ ಇದ್ದವು, ರೋಮವೂ ಇತ್ತು. ನಮ್ಮ ಯಾರ ಹೊಲದಲ್ಲೂ ಅಂಥ ಗಿಡ ಇರಲಿಲ್ಲ. ಅಗೆದಾಗ ಮುಷ್ಟಿಗಾತ್ರದ ಗಡ್ಡೆ ಬಂತು, ಹೊಳೆಯುವ ಕಪ್ಪು ಸಿಪ್ಪೆಯದು. ಆದರೆ ಗಂಟುಗಳು ಕಡಿಮೆ. ನಸಾರಿಯಾ ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು.

"ಇದು ನಮ್ಮಮ್ಮನ ಗಡ್ಡೆ ಅಲ್ಲ ಕೊಮಾದ್ರೆ."

"ಅಜ್ಜಿಮೊಣಕಾಲು ಅಲ್ಲ ನಿಜ, ಮೊಮ್ಮಗಳ ಮೊಣಕಾಲು" ಅಂದೆ. "ಸುಟ್ಟು ನೋಡು."

ಸುಟ್ಟಳು. ಒಳಗೆ ನೇರಳೆ ಉಂಗುರ ಇತ್ತು. ನಸಾರಿಯಾ ಅದನ್ನು ಬಾಯಿಗಿಟ್ಟುಕೊಂಡು ಅಲ್ಲೇ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ನಾನೂ ಕಣ್ಣೊರೆಸಿಕೊಂಡೆ, ಒಲೆಯ ಹೊಗೆ ಅಂತ ಹೇಳಿದೆ. ವಯಸ್ಸಾದ ಹಾಗೆ ಗಂಟೂ ಬರುತ್ತದೆ ಅಂತ ಇಂಜಿನಿಯರಮ್ಮ ಸಮಾಧಾನ ಹೇಳಿದಳು. ಹೋಗುವಾಗ ಒಂದು ಮಾತನ್ನು ಗಟ್ಟಿಯಾಗಿ ಹೇಳಿ ಹೋದಳು: "ಇದನ್ನ ಬೇರೆ ಗಡ್ಡೆ ಜೊತೆ ಸೇರಿಸಬೇಡಿ. ಬೇರೆಯವರ ಹೊಲಕ್ಕೆ ಬೇಡ, ಬೇರೆಯವರ ನೇಗಿಲು ತಾಗೋದು ಬೇಡ, ಬಲೆ ತೆಗೀಬೇಡಿ. ಇದಕ್ಕೆ ಕಾಯಿಲೆ ಅಂದ್ರೇನು ಅಂತ್ಲೇ ಗೊತ್ತಿಲ್ಲ, ಬಂದ್ರೆ ತಡ್ಕೊಳ್ಳಲ್ಲ."

ಇಲ್ಲೇ ಬಂತು ತಕರಾರು. ನಾವು ಆಲೂಗಡ್ಡೆಯನ್ನು ಒಂಟಿಯಾಗಿ ಬಿತ್ತುವವರಲ್ಲ. ಕರಿದು, ಕೆಂಪು, ಹಳದಿ, ಕಹಿ, ಸಿಹಿ, ಎಲ್ಲ ಜಾತಿಯನ್ನೂ ಬೆರೆಸಿ ಒಂದೇ ಹೊಲದಲ್ಲಿ ಬಿತ್ತುತ್ತೇವೆ, ಒಂದೇ ಉಗ್ರಾಣದಲ್ಲಿ ಮಲಗಿಸುತ್ತೇವೆ. ಹೊಸ ಬೀಜ ಬಂದರೆ ಹಳೆಯ ಬೀಜದ ಮಗ್ಗುಲಲ್ಲಿ ಇಟ್ಟು ಪರಿಚಯ ಮಾಡಿಸುತ್ತೇವೆ. ಕಾರ್ನಿವಾಲ್ ಹಬ್ಬದಲ್ಲಿ ಎಲ್ಲರ ಗಿಡಕ್ಕೂ ಹೂಮಾಲೆ ಹಾಕಿ, ಚಿಚಾ ಚಿಮುಕಿಸಿ, ಹಾಡಿ ಬರುತ್ತೇವೆ. ನಸಾರಿಯಾಳ ದೊಡ್ಡಿಯ ಮುಂದೆ ಮಾತ್ರ ನಿಂತು ಬಲೆಯೊಳಗೆ ಇಣುಕಿ ಬಂದೆವು.

"ಏನಮ್ಮಾ ನಸಾರಿಯಾ, ನಿನ್ನ ರಾಣಿಯರಿಗೆ ನಮ್ಮ ಗಾಳಿ ಸೋಕಬಾರದಾ?" ಅಂದ ಅನಾಕ್ಲೆತೋ. ಆ ವರ್ಷ ಅವನೇ ಹೊಲಗಾವಲು. ಹೊಗೆ ಎಬ್ಬಿಸಿ, ಕೊಂಬು ಊದಿ, ಕವಣೆ ಬೀಸಿ ಆಲಿಕಲ್ಲನ್ನು ಓಡಿಸುವುದು ಗಾವಲಿನವನ ಹೊಣೆ. ಓಡಿಸಲಾಗದಿದ್ದರೆ ಊರಿನ ಮುಂದೆ ಮಂಡಿಯೂರಿ ಚಾಟಿಯೇಟು ತಿನ್ನಬೇಕು. ನಗುನಗುತ್ತಲೇ ಕೇಳಿದ ಅವನು, ಆದರೆ ಆ ನಗು ಕಣ್ಣಿಗೆ ಮುಟ್ಟಿರಲಿಲ್ಲ.

ಮರುವರ್ಷವೂ ಅವನನ್ನೇ ಗಾವಲಿಗೆ ನಿಲ್ಲಿಸಿದರು. ಆ ಜನವರಿಯಲ್ಲಿ ಬಿತ್ತು ನೋಡಿ ಆಲಿಕಲ್ಲು. ಆಲೂಗಡ್ಡೆ ಹೂಬಿಟ್ಟಿದ್ದ ಹೊತ್ತು. ಅನಾಕ್ಲೆತೋ ಊದಿದ ಕೊಂಬು ನಮಗೇ ಕೇಳಿಸಲಿಲ್ಲ, ಅಷ್ಟು ಸದ್ದು. ಕಲ್ಲು ಬೀಳುವುದು ನಿಂತಾಗ ಇಳಿಜಾರೆಲ್ಲ ಬೆಳ್ಳಗಿತ್ತು. ಗಿಡಗಳೆಲ್ಲ ಕಡ್ಡಿಯಾಗಿದ್ದವು. ನಾನು ನನ್ನ ಹೊಲದ ಅಂಚಿನಲ್ಲಿ ನಿಂತು ಬಾಯಿಗೆ ಬಂದಂತೆ ಬೈದೆ, ಯಾರನ್ನು ಅಂತ ನನಗೇ ಗೊತ್ತಿರಲಿಲ್ಲ. ತಿರುಗಿ ನೋಡಿದರೆ ನಸಾರಿಯಾಳ ದೊಡ್ಡಿಯಲ್ಲಿ ಬಲೆ ಜೋತುಬಿದ್ದಿತ್ತು, ಅದರ ತುಂಬ ಐಸು, ಅದರ ಕೆಳಗೆ ಅವಳ ಗಿಡಗಳು ಒಂದೆಲೆಯೂ ಮುಕ್ಕಾಗದೆ ಹೂಬಿಟ್ಟು ನಿಂತಿದ್ದವು. ಅದನ್ನು ನೋಡಿದವಳು ನಾನೊಬ್ಬಳೇ ಅಲ್ಲ, ಇಡೀ ಊರೇ ನೋಡಿತು.

ಅಂದೇ ಸಭೆ ಸೇರಿತು. ಅನಾಕ್ಲೆತೋ ಬೆನ್ನು ಉಳಿಸಿಕೊಳ್ಳಬೇಕಿತ್ತು. "ಯಾರೋ ನೀರು ಬೀಳದ್ದನ್ನ ಬಚ್ಚಿಟ್ಟಿದ್ದಾರೆ. ಇಲ್ಲಾಂದ್ರೆ ಇಂಥ ಕಲ್ಲು ಬೀಳ್ತಿರಲಿಲ್ಲ" ಅಂದ. "ಇಡೀ ಊರಿಗೆ ಬಿದ್ದದ್ದು ಒಂದು ದೊಡ್ಡೀನ ಮಾತ್ರ ಮುಟ್ಟಲಿಲ್ಲ. ತನ್ನವರನ್ನ ತಾನೇ ಕಾಯುತ್ತೆ ಅದು. ಆ ದೊಡ್ಡೀನ ಅಗೆದು ನೋಡೋಣ. ಗೋಡೆ ಬುಡದಿಂದ ಶುರು ಮಾಡೋಣ."

"ಬಲೆ ಇತ್ತಲ್ಲೋ ಮಂಕೇ!" ಅಂತ ನಾನು ಕೂಗಿದೆ. "ಬಲೆ ಮೇಲೆ ಬಿದ್ದ ಐಸು ನಿನ್ನ ಕಣ್ಣಿಗೆ ಕಾಣಲಿಲ್ವಾ? ನಿನ್ನ ತಲೆ ಮೇಲೂ ಒಂದು ಬಲೆ ಕಟ್ಟಬೇಕಿತ್ತು, ಇದ್ದ ಬುದ್ಧೀನಾದ್ರೂ ಉಳೀತಿತ್ತು."

ಕೆಲವರು ನಕ್ಕರು. ಆದರೆ ಹೊಟ್ಟೆಗಿಲ್ಲದ ವರ್ಷ ಎದುರಿಗಿರುವಾಗ ನಗು ಎಷ್ಟು ಹೊತ್ತು ನಿಲ್ಲುತ್ತದೆ? ಗಂಡಸರು ಕಾಲುನೇಗಿಲು ಕೈಗೆತ್ತಿಕೊಂಡರು. ಆಗ ನಸಾರಿಯಾ ಎದ್ದು ನಿಂತಳು.

"ಅಗೀಬೇಡಿ. ಅಗೆಯೋದು ಯಾಕೆ? ನಾನೇ ಹೇಳ್ತೀನಿ. ನೀರು ಬೀಳದವು ಇವೇ, ಈ ನನ್ನ ಗಾಜಿನ ಮಕ್ಕಳು. ಮಣ್ಣಲ್ಲಿ ಹುಟ್ಟಲಿಲ್ಲ, ತಾಯಿ ಮಗ್ಗುಲಲ್ಲಿ ಮಲಗಲಿಲ್ಲ, ಯಾರೂ ಹೆಸರಿಡಲಿಲ್ಲ. ತಪ್ಪಾಯ್ತು. ಇವಕ್ಕೆ ನೀರು ಹಾಕಿಸಿ."

ಸಭೆ ತಣ್ಣಗಾಯಿತು. ಹಿರಿಯರು ತಲೆಯಾಡಿಸಿದರು, ಎಲ್ಲರಿಗೂ ಸರಿ ಅನಿಸಿತು. ನಮ್ಮ ಜನ ಕೆಟ್ಟವರಲ್ಲ, ಅದನ್ನೂ ಹೇಳಬೇಕು. ಕಿತ್ತು ಸುಡಿ ಅಂತ ಒಬ್ಬರೂ ಅನ್ನಲಿಲ್ಲ. ಮಕ್ಕಳು ಅಂದಮೇಲೆ ನೀರು ಹಾಕಿಸೋಣ, ನೀರು ಹಾಕಿಸಿದರೆ ಧರ್ಮತಾಯಿ, ಧರ್ಮತಂದೆ ಬೇಕು, ಒಂದೊಂದು ಮನೆ ಒಂದೊಂದಕ್ಕೆ ಆಗೋಣ ಅಂದರು. ನಾನು ಅವಳ ಕೈ ಹಿಡಿದು ಎಳೆದೆ. "ಇಂಜಿನಿಯರಮ್ಮ ಏನು ಹೇಳಿದ್ದಳು? ಎಲ್ಲರ ಹೊಲಕ್ಕೂ ಹೋದ್ರೆ ಉಳಿಯುತ್ತಾ ಇದು? ವಿಲ್ಮಾಗೆ ಏನು ಕೊಡ್ತೀಯ?"

"ಸುಮ್ನಿರು ಕೊಮಾದ್ರೆ. ನಿನ್ನ ಕಾಲಿಗೆ ಬೀಳ್ತೀನಿ, ಸುಮ್ನಿರು" ಅಂದಳು. ಅವಳಿಗೂ ಆ ನಂಬಿಕೆ ತಲೆಗೇರಿದೆ ಅಂದುಕೊಂಡು ನಾನು ಕೈಬಿಟ್ಟೆ.

ಗಡ್ಡೆ ಬಲಿತ ಮೇಲೆ ಶಾಸ್ತ್ರ ನಡೆಯಿತು. ಪಾದ್ರಿಗಳು ಬರುವುದು ವರ್ಷಕ್ಕೊಮ್ಮೆ, ಅವರಿಗೆ ಹೇಳಿದರೆ ನಗುತ್ತಾರೆ, ಆದ್ದರಿಂದ ಹಿರಿಯರೇ ಉಪ್ಪುನೀರು ಚಿಮುಕಿಸಿದರು. ಮನೆಗೊಂದು ಪಾಲಿನಂತೆ ಗಡ್ಡೆಗಳು ಹಂಚಿಹೋದವು. ಎಲ್ಲರೂ ಮಗುವನ್ನು ಎತ್ತಿಕೊಂಡ ಹಾಗೆ ಹೊದಿಕೆಯಲ್ಲಿ ಸುತ್ತಿ ಒಯ್ದು ತಮ್ಮ ಹಳೆಯ ಬೀಜದ ಮಗ್ಗುಲಲ್ಲಿ ಮಲಗಿಸಿದರು, ಬಿತ್ತನೆ ಬಂದಾಗ ಬೆರೆಸಿ ಬಿತ್ತಿದರು. ಬಲೆಯನ್ನು ಅನಾಕ್ಲೆತೋ ಬಿಚ್ಚಿ ಕೋಳಿಗೂಡಿಗೆ ಹಾಕಿಕೊಂಡ. ನಸಾರಿಯಾ ತನ್ನ ಪಾಲನ್ನೂ ಹೊರಗಿನ ಹೊಲದಲ್ಲೇ ಬೆರೆಸಿ ಬಿತ್ತಿದಳು. ದೊಡ್ಡಿ ಹಾಳು ಬಿತ್ತು. ಅದಾದ ಮೇಲೆ ಅದರ ಕಡೆ ಯಾರೂ ತಲೆಹಾಕಲಿಲ್ಲ.

ಮೊದಲ ವರ್ಷ ಎಲ್ಲರ ಹೊಲದಲ್ಲೂ ಅವೇ ಎತ್ತರ, ಅವೇ ದಪ್ಪ. ಊರೆಲ್ಲ ಅವಳನ್ನು ಹೊಗಳಿದ್ದೇ ಹೊಗಳಿದ್ದು. ಗಂಟುಗಳೂ ಮೂಡಿದ್ದವು, ಈಗ ಅದು ಅಪ್ಪಟ ಅಜ್ಜಿಮೊಣಕಾಲು. ಎರಡನೆಯ ವರ್ಷ ಎಲೆ ಸುರುಟಿತು. ನಮ್ಮ ಹಳೆಯ ಜಾತಿಗಳು ಕಾಯಿಲೆಯ ಜೊತೆ ಹೇಗೋ ಸಂಸಾರ ಮಾಡಿಕೊಂಡು ಬಂದಿವೆ, ಅರ್ಧಂಬರ್ಧವಾದರೂ ಕೊಡುತ್ತವೆ. ಇದು ಕುಸಿದೇ ಹೋಯಿತು. ಮೂರನೆಯ ವರ್ಷ ಪಾರಿವಾಳದ ಮೊಟ್ಟೆ. ಆಮೇಲೆ ನಾನು, ನಸಾರಿಯಾ, ವಿಲ್ಮಾ ಮೂವರೂ ಮನೆಮನೆಗೆ ಹೋಗಿ ಉಗ್ರಾಣದ ಮೂಲೆಗಳನ್ನೆಲ್ಲ ಕೆದಕಿದೆವು. ಸಿಕ್ಕಿದ್ದೆಲ್ಲ ಕೊಳೆತಿತ್ತು.

"ಪ್ರಯೋಗಶಾಲೆಗೆ ಹೋಗೋಣ" ಅಂದೆ. ನಾನೂ ನಸಾರಿಯಾಳೂ ಲಾರಿ ಹತ್ತಿ ಕಣಿವೆಗೆ ಇಳಿದೆವು.

ಮಾರಿಸೋಲ್ ಅಲ್ಲೇ ಇದ್ದಳು, ಕೂದಲು ನರೆತಿತ್ತು. ನಮ್ಮನ್ನು ಅಪ್ಪಿಕೊಂಡಳು. ಸಂಗತಿ ಕೇಳಿ ತಲೆಗೆ ಕೈಹೊತ್ತು ಕೂತಳು. "ಎಷ್ಟು ಸಲ ಹೇಳಿದ್ದೆ ಅಮ್ಮಾ! ಯಾಕೆ ಹಂಚಿದ್ರಿ? ಯಾಕೆ?" ಆಮೇಲೆ ಮಾರಿಸೋಲ್ ನಮ್ಮನ್ನು ಒಂದು ತಣ್ಣನೆಯ ಕೋಣೆಗೆ ಕರೆದೊಯ್ದಳು. ನೆಲದಿಂದ ಸೂರಿನವರೆಗೂ ಗಾಜಿನ ಕೊಳವೆಗಳು. ಒಂದು ಸಾಲಿನಿಂದ ಒಂದನ್ನು ತೆಗೆದು ತೋರಿಸಿದಳು. ಬಡಕಲಾಗಿ, ಅರ್ಧ ಬೆರಳುದ್ದ, ಮಾಸಿದ ಹಸಿರು.

"ಅಜ್ಜಿಮೊಣಕಾಲು. ಕಳೆದುಹೋಗಿಲ್ಲ ಅಮ್ಮಾ, ಇಲ್ಲಿದೆ."

"ಇದ್ಯಾಕೆ ಬೆಳೆದಿಲ್ಲ?" ಅಂದಳು ನಸಾರಿಯಾ.

"ಬೆಳೀಬಾರದು ಅಂತಲೇ. ಬೆಳೆದ್ರೆ ಕೊಳವೆ ಸಾಲಲ್ಲ. ಚಳೀಲಿಟ್ಟು, ಊಟ ಕಡಿಮೆ ಮಾಡಿ, ಅರೆಹೊಟ್ಟೇಲಿ ಇಟ್ಟಿರ್ತೀವಿ. ಹೀಗಿದ್ರೆ ಬಹಳ ಕಾಲ ಇರುತ್ತೆ."

"ಬದುಕೋದೂ ಇಲ್ಲ, ಸಾಯೋದೂ ಇಲ್ಲ."

"ಹಾಗನ್ನಬೇಡಿ ಅಮ್ಮಾ."

"ನನಗೊಂದು ಕೊಡು."

ಮಾರಿಸೋಲ್ ಮುಖ ತಿರುಗಿಸಿದಳು. ಇದ್ದದ್ದೇ ಎರಡು ಕೊಳವೆ. ಅದನ್ನು ಹೆಚ್ಚಿಸಿ ಹಳ್ಳಿಗೆ ಕೊಡುವ ಯೋಜನೆ ಮುಗಿದು ವರ್ಷಗಳಾಗಿದ್ದವು, ಹೊಸದು ಬಂದರೆ ಮೊದಲು ನಿಮಗೇ ಅಂದಳು. ಅವಳು ಸುಳ್ಳು ಹೇಳುವವಳಲ್ಲ. ನಸಾರಿಯಾ ಗಾಜಿನ ಮೇಲೆ ಬೆರಳಿಟ್ಟಳು, ಆಮೇಲೆ ಕೊಳವೆಯನ್ನು ತಾನೇ ಅದರ ಸಾಲಿಗೆ ವಾಪಸ್ಸಿಟ್ಟಳು.

ವಾಪಸ್ಸು ಲಾರಿಗಾಗಿ ರಸ್ತೆಯಂಚಿನಲ್ಲಿ ಕೂತಿದ್ದೆವು. ನನಗೆ ಸಿಟ್ಟು ತಡೆಯಲಾಗಲಿಲ್ಲ. "ಅವಳು ಕೇಳಿದ್ದು ಸರಿಯಾಗೇ ಇದೆ. ಯಾಕೆ ಹಂಚಿದೆ? ನಿನ್ನ ಬಾಯಿಂದಲೇ ಅಂದೆಯಲ್ಲ ಅವತ್ತು, ನೀರು ಬೀಳದವು ಇವೇ ಅಂತ. ಯಾರು ಕೇಳಿದ್ರು ನಿನ್ನ?"

"ದೊಡ್ಡಿ ಅಗೀತಿದ್ರಲ್ಲ" ಅಂದಳು.

"ಅಗೆದ್ರೆ ಅಗೀಲಿ! ಮಣ್ಣು ಸಿಗ್ತಿತ್ತು."

"ನನ್ನ ಮಗು ಸಿಗ್ತಿತ್ತು."

ನಾನು ಬೆಪ್ಪಾಗಿ ಅವಳ ಮುಖ ನೋಡಿದೆ.

"ಅಳಲಿಲ್ಲ ಕೊಮಾದ್ರೆ. ಮೆಲಿತೋನ್ ಊರಿಗೆಲ್ಲ ಸುಳ್ಳು ಹೇಳಿದ. ಒಂದು ಸಲವೂ ಅಳಲಿಲ್ಲ. ಸತ್ತೇ ಹುಟ್ಟಿದ್ದು. ಸತ್ತದ್ದಕ್ಕೆ ನೀರು ಹಾಕೋ ಹಾಗಿಲ್ಲ ಅಂತಾರಲ್ಲ, ಅದಕ್ಕೇ ಹಾಕಲಿಲ್ಲ. ದಿಬ್ಬಕ್ಕೆ ಒಯ್ಯೋಕೆ ನಾನು ಬಿಡಲಿಲ್ಲ, ನನ್ನ ಕಣ್ಣೆದುರೇ ಇರ್ಲಿ ಅಂತ ಗೋಡೆ ಬುಡದಲ್ಲಿಟ್ಟೆ. ಅದನ್ನ ಅವರು ನೇಗಿಲಲ್ಲಿ ಎತ್ತಿ, ಊರಿಗೆಲ್ಲ ತೋರಿಸಿ, ಹೊಳೇಲಿ ಎಸೀತಿದ್ರು. ಇಬ್ಬರಲ್ಲಿ ಒಬ್ಬರನ್ನ ಕೊಡಬೇಕಿತ್ತು. ಮಣ್ಣೊಳಗಿದ್ದವಳನ್ನ ಕೊಡೋಕೆ ನನ್ನಿಂದ ಆಗಲಿಲ್ಲ."

ಲಾರಿ ಬಂದು ನಿಂತು, ನಾವು ಏಳಲಿಲ್ಲ ಅಂತ ಬೈದುಕೊಂಡು ಹೊರಟುಹೋಯಿತು. ನಾನು ಅವಳನ್ನು ತಬ್ಬಿಕೊಂಡು ಕೂತಿದ್ದೆ. ಇಷ್ಟು ವರ್ಷ ಗೋಡೆಯ ಈಚೆ ನಾನು, ಆಚೆ ಅವಳು, ನಡುವೆ ಆ ಮಗು. ಕೊಮಾದ್ರೆಗೂ ಹೇಳಲಾಗದ ಹಾಗೆ ಬದುಕಬೇಕಾಯಿತಲ್ಲ ಅಂತ ನನಗೆ ಊರಿನ ಮೇಲೆ, ಮೆಲಿತೋನನ ಮೇಲೆ, ದೇವರ ಮೇಲೆ ಎಲ್ಲರ ಮೇಲೂ ರೋಷ ಬಂತು.

"ನಾನು ಸತ್ತಾಗ ಅವಳನ್ನ ನನ್ನ ಜೊತೆ ಹಾಕು" ಅಂದಳು. "ಉರ್ಸುಲಾ ಅಂತ ಇಡಬೇಕಂದುಕೊಂಡಿದ್ದೆ. ನಮ್ಮಮ್ಮನ ಹೆಸರು."

ಜೂನ್ ನಮ್ಮ ಕಡೆ ಕಡುಚಳಿಯ ತಿಂಗಳು, ಆ ಜೂನಿನ ಹಿಮಕ್ಕೆ ಅವಳ ಎದೆ ಕಟ್ಟಿತು. ಹೆಚ್ಚು ನರಳಲಿಲ್ಲ. ಗಂಡಸರು ಹೊಳೆಯಾಚೆ ಗುಂಡಿ ತೋಡಲು ಹೋಗಿದ್ದಾಗ ನಾನೂ ವಿಲ್ಮಾಳೂ ದೊಡ್ಡಿಯ ಗೋಡೆ ಬುಡ ಅಗೆದೆವು. ಸತ್ತ ಗಾಜಿನ ಸಸಿಗಳನ್ನು ಅವಳು ಹೂಳುತ್ತಿದ್ದ ಜಾಗವೇ ಅದು. ಉಣ್ಣೆಯ ಚೂರಿನಲ್ಲಿ ಸುತ್ತಿದ್ದು, ಎರಡು ಅಂಗೈಯಲ್ಲಿ ಹಿಡಿಯಿತು. ಸತ್ತದ್ದಕ್ಕೆ ನೀರು ಹಾಕಬಾರದಂತೆ. ಯಾರು ಹೇಳಿದ್ದು? ನಾನು ಹಾಕಿದೆ. "ಉರ್ಸುಲಾ" ಅಂತ ಗಟ್ಟಿಯಾಗಿ ಕರೆದೆ. ವಿಲ್ಮಾ ಧರ್ಮತಾಯಿಯಾಗಿ ಎತ್ತಿಕೊಂಡಳು. ನಸಾರಿಯಾಳ ಹೊದಿಕೆಯೊಳಗೆ, ಎದೆಯ ಮೇಲೆ ಇಟ್ಟೆವು. ಅಂಗಳದಲ್ಲಿ ಕೂತು ಮಾತಾಡುತ್ತಿದ್ದವರಿಗೆ ಗೊತ್ತಾಗಲಿಲ್ಲ.

ಕೊಯ್ಲಾದ ಮೇಲೆ ವಿಲ್ಮಾಳ ಮದುವೆಯಾಯಿತು. ಅವಳ ಹೊದಿಕೆಯಲ್ಲಿ ನನ್ನ ಬಿಳಿಗಡ್ಡೆಗಳನ್ನೇ ಕಟ್ಟಿದೆ. "ಇದರಲ್ಲಿ ಅವಳದ್ದು ಒಂದೂ ಇಲ್ವಲ್ಲ ಅಮ್ಮಾ" ಅಂದಳು. ನಾನು ಹೊದಿಕೆಯ ಗಂಟನ್ನು ಮತ್ತೊಮ್ಮೆ ಬಿಗಿದೆ.

ಮರುವರ್ಷ ಜನವರಿಯಲ್ಲಿ ಮತ್ತೆ ಆಲಿಕಲ್ಲು ಬಿತ್ತು. ಮೊದಲಿನಷ್ಟೇ ಜೋರು, ಅದೇ ಇಳಿಜಾರಿನ ಮೇಲೆ. ಈಗ ಅನಾಕ್ಲೆತೋ ಊರ ಮುಖಂಡ. ಸಭೆ ಸೇರಿಸಿ, ಟೋಪಿ ತೆಗೆದು, ಅದೇ ರಾಗ ಶುರು ಮಾಡಿದ: "ಯಾರೋ ಬಚ್ಚಿಟ್ಟಿದ್ದಾರೆ..."

ನಾನು ಎದ್ದು ಹೋಗಿ ಅವನ ಎದುರು ನಿಂತೆ.

"ಬಚ್ಚಿಟ್ಟವಳು ಸತ್ತಳು. ಮಗೂಗೆ ನೀರೂ ಬಿತ್ತು, ನಾನೇ ಹಾಕಿದೆ. ತಾಯಿ ಎದೆ ಮೇಲೆ ಮಲಗಿದೆ. ಹಾಗಾದ್ರೆ ಇವತ್ತು ಬಿದ್ದ ಕಲ್ಲು ಯಾರದು, ಹೇಳು? ಅಗೆಯೋದಾದ್ರೆ ನನ್ನ ಹಿತ್ತಲಿಂದ ಶುರು ಮಾಡು. ಆಮೇಲೆ ನಿನ್ನ ಹಿತ್ತಲಿಗೆ ಹೋಗೋಣ. ಈ ಊರಲ್ಲಿ ಯಾವ ಹೆಂಗಸಿನ ಹಿತ್ತಲಲ್ಲಿ ಇಲ್ಲ, ತೋರಿಸು ನೋಡೋಣ!"

ಹೆಂಗಸರೆಲ್ಲ ನೆಲ ನೋಡುತ್ತಿದ್ದರು. ಅನಾಕ್ಲೆತೋ ಟೋಪಿಯನ್ನು ಕೈಯಲ್ಲಿ ತಿರುಗಿಸಿದ, ಮತ್ತೆ ತಲೆಗಿಟ್ಟುಕೊಂಡ. ಅಂದು ಯಾರೂ ಯಾವ ಹಿತ್ತಲನ್ನೂ ಅಗೆಯಲಿಲ್ಲ.

ಸಂಜೆ ನಾನು ಆಲಿಕಲ್ಲಿಗೆ ಸಿಕ್ಕ ಗಿಡಗಳ ಬುಡಕ್ಕೆ ಮಣ್ಣೇರಿಸುತ್ತಿದ್ದೆ. ಅನಾಕ್ಲೆತೋನ ಹೆಂಡತಿ ಇನೊಸೆನ್ಸಿಯಾ ಗೋಡೆಯ ಬಳಿ ಬಂದು ನಿಂತಳು. ಮುದುಕಿಯಾಗಿದ್ದಾಳೆ ಅವಳು, ಮೊಮ್ಮಕ್ಕಳಿದ್ದಾರೆ. ಹೊದಿಕೆಯ ಅಂಚನ್ನು ತಿರುಚುತ್ತ ಸಣ್ಣ ದನಿಯಲ್ಲಿ ಕೇಳಿದಳು:

"ಬಸಿಲಿಯಾ, ನೀರು ಹಾಕುವಾಗ ಏನು ಹೇಳಬೇಕು?"

"ಹೆಸರು ಕರೆ. ಅಷ್ಟೇ ಸಾಕು" ಅಂದೆ.

ಅವಳು ತಲೆಯಾಡಿಸಿ ತನ್ನ ಮನೆಯ ಕಡೆ ನಡೆದಳು. ಇದೇ ಪ್ರಶ್ನೆಯನ್ನು ಅವಳು ನಸಾರಿಯಾ ಎದ್ದು ನಿಂತ ಆ ಮೊದಲ ಸಭೆಯಲ್ಲೇ ಎತ್ತಿದ್ದರೆ ನನ್ನ ನಸಾರಿಯಾಳ ಗಡ್ಡೆ ಇವತ್ತು ಬರೀ ಆ ಗಾಜಿನೊಳಗೆ ಅರೆಹೊಟ್ಟೆಯಲ್ಲಿ ಇರುತ್ತಿರಲಿಲ್ಲ, ನನ್ನ ಮಗಳ ಹೊಲದಲ್ಲೂ ಇರುತ್ತಿತ್ತು.